ಕಾವಲು ಕ್ಯಾಮೆರಾಗಳಿಗೂ ಲೆಕ್ಕಪರಿಶೋಧನೆ ಅಗತ್ಯ



ಇಪ್ಪತ್ತು-ಇಪ್ಪತ್ತೈದು ವರ್ಷಗಳ ಹಿಂದೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಯಾವುದೇ ಅಂಗಡಿಗೆ ಲೆಕ್ಕಪರಿಶೋಧನೆಗೆಂದು ಹೋದರೆ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಮನೆದೇವರ ಪಟವೊಂದು ಕಾಣುತ್ತಿತ್ತು. ಇಂದು ಆ ಪಟದ ಪಕ್ಕದಲ್ಲಿಯೇ ಸಿ.ಸಿ. ಟಿ.ವಿ. ಕ್ಯಾಮೆರಾವೂ ಕಾಣುತ್ತದೆ. ಕಡಲೆಕಾಯಿ ಎಣ್ಣೆ ಮಿಲ್ಲು, ಹುಣಸೆಹಣ್ಣಿನ ಗೋದಾಮು, ಅಡಿಕೆ ಮಂಡಿ, ಬಟ್ಟೆ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲ ಕಡೆಯೂ ಇದೇ ನೋಟ. ಇದು ಸ್ವಾಗತಾರ್ಹ ಬದಲಾವಣೆಯೇ ಸರಿ. ಆದರೆ ಹಣ ತೆತ್ತು ಕೊಂಡ ಈ ಸಾಧನ ದಿನದ ಇಪ್ಪತ್ನಾಲ್ಕು ಗಂಟೆಯೂ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಮಾಲೀಕರು ಎಷ್ಟು ಮಂದಿ? ನಾನು ಕಂಡಂತೆ ಬಹಳ ವಿರಳ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಕ್ಯಾಮೆರಾವು ಯಂತ್ರವೆಂಬುದಕ್ಕಿಂತ ಹೆಚ್ಚಾಗಿ ಒಂದು ದಾಖಲೆ ಪುಸ್ತಕ. ರೋಕಡಿ ಪುಸ್ತಕವನ್ನು ಹೇಗೆ ಪ್ರತಿದಿನ ತಾಳೆ ನೋಡುತ್ತೇವೆಯೋ ಹಾಗೆಯೇ ಇದನ್ನೂ ತಾಳೆ ನೋಡಬೇಕು.

ಒಂದು ಕಹಿ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಎಣ್ಣೆ ಮಿಲ್ಲಿನ ದಾಸ್ತಾನು ಪರಿಶೀಲನೆ ಮಾಡುತ್ತಿದ್ದೆ. ಪುಸ್ತಕದ ದಾಸ್ತಾನಿಗೂ ಗೋದಾಮಿನಲ್ಲಿದ್ದ ಕಡಲೆಕಾಯಿಗೂ ಗಣನೀಯ ವ್ಯತ್ಯಾಸ ಕಂಡುಬಂದಿತು. ರೂಢಿಯಂತೆ ವ್ಯತ್ಯಾಸವನ್ನು ಬರೆದು, ಗೇಟಿನ ಕ್ಯಾಮೆರಾದ ಮುದ್ರಿತ ದೃಶ್ಯಗಳನ್ನು ನೋಡಿ ವಿವರಣೆ ಕೊಡುವಂತೆ ಮಾಲೀಕರನ್ನು ಕೇಳಿದೆ. ಅವರು ತೆರೆದು ನೋಡಿದಾಗ ಹಗಲಿನ ದೃಶ್ಯಗಳೆಲ್ಲ ಸರಿಯಾಗಿದ್ದವು. ಸಂಜೆ ಕತ್ತಲಾದ ಮೇಲಿನ ದೃಶ್ಯಗಳು ಮಾತ್ರ ಇರಲಿಲ್ಲ. ಒಂದು ರಾತ್ರಿಯದಲ್ಲ, ಹಲವು ರಾತ್ರಿಗಳದು.

ಆ ಗೇಟಿನಲ್ಲಿ ಬಹಳ ವರ್ಷಗಳಿಂದ ರಾತ್ರಿ ಕಾವಲಿಗಿದ್ದ ವ್ಯಕ್ತಿಯ ಮೇಲೆ ಅನುಮಾನ ಬಿತ್ತು. ಕ್ಯಾಮೆರಾದ ವೈರನ್ನು ಆತನೇ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದಾನೆಂದು ಎಲ್ಲರೂ ತೀರ್ಮಾನಿಸಿದರು. ನಾನೂ ಆ ತೀರ್ಮಾನವನ್ನು ಪ್ರಶ್ನಿಸಲಿಲ್ಲ. ಲೆಕ್ಕ ಚುಕ್ತಾ ಮಾಡಿ ಆತನನ್ನು ಮನೆಗೆ ಕಳುಹಿಸಿದ ದಿನ ನಾನು ಅಲ್ಲಿಯೇ ಇದ್ದೆ. "ಸ್ವಾಮಿ, ಆ ಕ್ಯಾಮೆರಾ ರಾತ್ರಿ ಹೊತ್ತು ನಡೆಯಲ್ಲ ಅಂತ ನಾನೇ ಎರಡು ಸಲ ಆಫೀಸಲ್ಲಿ ಹೇಳಿದ್ದೆ" ಎಂದು ಆತ ನನ್ನತ್ತ ನೋಡಿ ಹೇಳಿದ. ಹೇಳಿದ್ದು ನಿಜವಿದ್ದೀತು. ಆದರೆ ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಎರಡು ತಿಂಗಳ ತರುವಾಯ, ಹೊಸ ಕಾವಲುಗಾರ ಬಂದ ಮೇಲೆಯೂ, ಅದೇ ಕ್ಯಾಮೆರಾ ಕತ್ತಲಾಗುತ್ತಲೇ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಆಗ ಬಲ್ಲ ತಂತ್ರಜ್ಞರೊಬ್ಬರನ್ನು ಕರೆಸಿ ತೋರಿಸಲಾಯಿತು. ಅವರು ಕಂಡುಕೊಟ್ಟ ಕಾರಣವನ್ನು ನನಗೆ ಅರ್ಥವಾದಂತೆ ಲೆಕ್ಕದ ರೂಪದಲ್ಲಿಯೇ ಕೊಡುತ್ತೇನೆ.

ಹಗಲು ನಡೆದು ರಾತ್ರಿ ನಿಲ್ಲುವುದೇಕೆ?

ಆ ಕ್ಯಾಮೆರಾಕ್ಕೆ ಬೇಕಾದದ್ದು 12 ವೋಲ್ಟ್ ವಿದ್ಯುತ್ತು. ಅದನ್ನು ಕೊಡುವ ಅಡಾಪ್ಟರ್ ಇದ್ದದ್ದು ಆಫೀಸಿನಲ್ಲಿ, ಕ್ಯಾಮೆರಾ ಇದ್ದದ್ದು ಸುಮಾರು 60 ಮೀಟರ್ ದೂರದ ಗೇಟಿನಲ್ಲಿ. ನೆಟ್‌ವರ್ಕ್ ಕೇಬಲ್ಲಿನಲ್ಲಿಯೇ ಉಳಿದಿದ್ದ ಒಂದು ಜೊತೆ ತೆಳು ತಂತಿಯ ಮೂಲಕ ವಿದ್ಯುತ್ತನ್ನೂ ಹಾಯಿಸಲಾಗಿತ್ತು. ಹೋಗಿಬರುವ 120 ಮೀಟರ್ ತಂತಿಯ ತಡೆ ಸುಮಾರು 10 ಓಮ್. ಹಗಲಿನಲ್ಲಿ ಕ್ಯಾಮೆರಾ ಕಾಲು ಆಂಪಿಯರ್ ಎಳೆದರೆ ದಾರಿಯಲ್ಲಿಯೇ ಎರಡೂವರೆ ವೋಲ್ಟ್ ನಷ್ಟ. ತಲುಪುವುದು ಒಂಬತ್ತೂವರೆ ವೋಲ್ಟ್, ಅದರಲ್ಲಿ ಕ್ಯಾಮೆರಾ ಹೇಗೋ ನಡೆಯುತ್ತದೆ. ಕತ್ತಲಾದೊಡನೆ ಅದರೊಳಗಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಎಳೆತ ಅರ್ಧ ಆಂಪಿಯರಿಗೆ ಏರಿದರೆ ನಷ್ಟ ಐದು ವೋಲ್ಟ್. ತಲುಪುವುದು ಬರೀ ಏಳು. ಕ್ಯಾಮೆರಾ ಆರಿಹೋಗುತ್ತದೆ. ಆರಿದಾಗ ಎಳೆತ ನಿಂತು ವೋಲ್ಟೇಜ್ ಮತ್ತೆ ಏರುತ್ತದೆ, ಕ್ಯಾಮೆರಾ ಎಚ್ಚರಗೊಳ್ಳುತ್ತದೆ, ದೀಪ ಹೊತ್ತುತ್ತದೆ, ಮತ್ತೆ ಆರುತ್ತದೆ. ಬೆಳಗಿನವರೆಗೂ ಇದೇ ಆವರ್ತನೆ. ಬೆಳಿಗ್ಗೆ ಮಾಲೀಕರು ಬಂದು ನೋಡುವ ಹೊತ್ತಿಗೆ ಎಲ್ಲವೂ ಸರಿ!

ತಂತಿಯು ಶುದ್ಧ ತಾಮ್ರದ್ದಾಗಿರದೆ ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಮಾಲಾಗಿದ್ದರೆ ನಷ್ಟ ಇನ್ನೂ ಹೆಚ್ಚು. ಇದೇ ವಿದ್ಯುತ್ತನ್ನು 48 ವೋಲ್ಟಿನ ಆಸುಪಾಸಿನಲ್ಲಿ ನೆಟ್‌ವರ್ಕ್ ಕೇಬಲ್ಲಿನ ಮೂಲಕವೇ ಕಳುಹಿಸುವ ಪಿ.ಒ.ಇ. ಸ್ವಿಚ್ ಬಳಸಿದ್ದರೆ ಎಳೆಯುವ ಕರೆಂಟು ಕಡಿಮೆಯಾಗಿ, ಅಷ್ಟೇ ದೂರಕ್ಕೆ ನಷ್ಟ ಒಂದು ವೋಲ್ಟಿಗಿಂತಲೂ ಕಡಿಮೆಯಾಗುತ್ತಿತ್ತು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇರುವ ಪಾವಗಡದ ಸೀಮೆಯವರು ನಾವು. ಇಲ್ಲಿ ಒಬ್ಬ ಮನುಷ್ಯನ ಮರ್ಯಾದೆ ಹೋದದ್ದು ಐದು ವೋಲ್ಟಿನ ಕೊರತೆಯಿಂದ.

ದಾಸ್ತಾನಿನ ಕೊರತೆಗೆ ಕಾರಣವೇನೆಂಬುದು ಪೂರ್ತಿಯಾಗಿ ತಿಳಿಯಲೇ ಇಲ್ಲ. ಹಸಿಯಾಗಿ ಬಂದ ಕಡಲೆಕಾಯಿ ಗೋದಾಮಿನಲ್ಲಿ ಒಣಗಿ ತೂಕ ಕಳೆದುಕೊಂಡದ್ದು ಒಂದು ಪಾಲು ಇರಬಹುದು, ತೂಕದ ಚೀಟಿಗಳ ಬರವಣಿಗೆಯ ತಪ್ಪು ಇನ್ನೊಂದು ಪಾಲು ಇರಬಹುದು, ಕಳವೂ ಇರಬಹುದು. ಮಾಲೀಕರು ದೊಡ್ಡ ಮನಸ್ಸಿನವರು. ಹಳೆಯ ಕಾವಲುಗಾರನನ್ನು ಹುಡುಕಿ ಮರಳಿ ಬರಲು ಹೇಳಿಕಳುಹಿಸಿದರು. ಆತ ಬರಲಿಲ್ಲ. ಖಾಲಿ ದಾಖಲೆಯು ಅಪರಾಧಕ್ಕೂ ಸಾಕ್ಷಿಯಲ್ಲ, ನಿರಪರಾಧಕ್ಕೂ ಸಾಕ್ಷಿಯಲ್ಲ ಎಂಬ ಪ್ರಾಥಮಿಕ ಪಾಠವನ್ನು ಮೂರು ದಶಕ ವೋಚರುಗಳನ್ನು ನೋಡಿದ ನಾನೇ ಮರೆತಿದ್ದೆ.

ದೋಷವನ್ನು ಹುಡುಕುವ ಕ್ರಮ

ಕ್ಯಾಮೆರಾ "ಆಫ್‌ಲೈನ್" ಎಂದು ತೋರಿಸಿದಾಗ ರೂಟರನ್ನು ಒಮ್ಮೆ ಆರಿಸಿ ಹೊತ್ತಿಸುವುದು ನಮ್ಮಲ್ಲಿ ಸರ್ವರೋಗಕ್ಕೂ ಮದ್ದಾಗಿದೆ. ಅದರಿಂದ ಆ ಹೊತ್ತಿಗೆ ಸರಿಹೋದರೂ ಕಾರಣ ಹಾಗೆಯೇ ಉಳಿಯುತ್ತದೆ. ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ನಾವು ಮೊದಲು ಅದು ಯಾವ ಪುಸ್ತಕದ್ದೆಂದು ಗುರುತಿಸುತ್ತೇವೆ. ಇಲ್ಲಿಯೂ ಮೂರು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಿಕೊಳ್ಳಬೇಕು.

ಮೊದಲನೆಯದು: ಹೋದದ್ದು ಹೊರಗಿನ ಇಂಟರ್‌ನೆಟ್ಟೋ, ಒಳಗಿನ ಸಂಪರ್ಕವೋ? ಮೊಬೈಲಿನಲ್ಲಿ ಚಿತ್ರ ಬಾರದಿದ್ದರೂ ಅಂಗಡಿಯ ರೆಕಾರ್ಡರಿನ ಪರದೆಯಲ್ಲಿ ಚಿತ್ರ ಬರುತ್ತಿದ್ದರೆ ಕ್ಯಾಮೆರಾದ ದೋಷವಲ್ಲ. ಮುದ್ರಣವೂ ನಡೆದೇ ಇರುತ್ತದೆ. ಆಗ ಇಂಟರ್‌ನೆಟ್ ಸೇವೆ ನೀಡುವವರನ್ನು ಕೇಳಬೇಕೇ ಹೊರತು ಕ್ಯಾಮೆರಾ ಹಾಕಿದವರನ್ನಲ್ಲ.

ಎರಡನೆಯದು: ರೆಕಾರ್ಡರಿನಲ್ಲಿಯೂ ಚಿತ್ರವಿಲ್ಲದಿದ್ದರೆ, ಕ್ಯಾಮೆರಾಕ್ಕೆ ವಿದ್ಯುತ್ತು ಇದೆಯೇ? ಕತ್ತಲಲ್ಲಿ ಅದರ ಮಂದ ಕೆಂಪು ದೀಪಗಳು ಹೊತ್ತಿವೆಯೇ, ಹೊತ್ತಿ ಆರುತ್ತಿವೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಮೂರನೆಯದು: ವಿದ್ಯುತ್ತು ಸರಿಯಿದ್ದರೆ, ದೋಷ ಕೇಬಲ್ಲಿನದೋ ಕ್ಯಾಮೆರಾದ್ದೋ? ಕ್ಯಾಮೆರಾವನ್ನು ಇಳಿಸಿ ತಂದು ಸ್ವಿಚ್ಚಿನ ಪಕ್ಕದಲ್ಲಿಯೇ ಎರಡು ಮೀಟರಿನ ಹೊಸ ಕೇಬಲ್ಲಿನಿಂದ ಒಂದು ದಿನ ನಡೆಸಿ ನೋಡಿದರೆ ಉತ್ತರ ಸಿಗುತ್ತದೆ. ಇಲ್ಲಿ ಸರಿಯಾಗಿ ನಡೆದರೆ ತಪ್ಪು ದಾರಿಯದು, ಇಲ್ಲಿಯೂ ನಿಂತರೆ ತಪ್ಪು ಕ್ಯಾಮೆರಾದ್ದು.

ಇದಕ್ಕೂ ಮುನ್ನ ಮಾಡಬೇಕಾದ ಖರ್ಚಿಲ್ಲದ ಕೆಲಸವೊಂದಿದೆ. ಸಂಪರ್ಕ ಹೋದ ಮತ್ತು ಬಂದ ಸಮಯಗಳನ್ನು ಒಂದು ವಾರ ಬರೆದಿಡುವುದು. ಸಮಯವೇ ಅರ್ಧ ಕಾರಣವನ್ನು ಹೇಳಿಬಿಡುತ್ತದೆ. ಕತ್ತಲಾಗುತ್ತಲೇ ಹೋಗುತ್ತಿದ್ದರೆ ವೋಲ್ಟೇಜಿನ ಕೊರತೆ. ಮಿಲ್ಲಿನ ಮೋಟಾರ್ ಚಾಲೂ ಆದ ಕ್ಷಣದಲ್ಲಿ ಹೋಗುತ್ತಿದ್ದರೆ ಲೈನಿನ ಏರಿಳಿತ. ಸ್ವಿಚ್ಚು, ರೂಟರ್, ರೆಕಾರ್ಡರ್ ಮೂರನ್ನೂ ಯು.ಪಿ.ಎಸ್. ಮೇಲೆ ಹಾಕಬೇಕು. ಬೇಸಿಗೆಯ ಮಧ್ಯಾಹ್ನ ಹೋಗುತ್ತಿದ್ದರೆ ತಗಡಿನ ಚಾವಣಿಯ ಕೆಳಗೆ ಮುಚ್ಚಿದ ಡಬ್ಬಿಯಲ್ಲಿಟ್ಟ ಸ್ವಿಚ್ಚು ಕಾದಿರಬಹುದು. ಮಳೆ ಬಂದ ಮಾರನೆಯ ದಿನ ಹೋಗುತ್ತಿದ್ದರೆ ಹೊರಗೆ ಟೇಪು ಸುತ್ತಿದ ಜಾಯಿಂಟಿನಲ್ಲಿ ನೀರು ಇಳಿದಿರಬಹುದು. ಗೋದಾಮುಗಳಲ್ಲಿ ಇಲಿ, ಅಳಿಲುಗಳ ಹಲ್ಲಿಗೂ ಪಾಲುಂಟು. ಹೊಸ ಪ್ರಿಂಟರೋ ಮೊಬೈಲೋ ಸೇರಿದ ದಿನದಿಂದ ತೊಂದರೆ ಶುರುವಾಗಿದ್ದರೆ ಐ.ಪಿ. ವಿಳಾಸಗಳು ಡಿಕ್ಕಿ ಹೊಡೆಯುತ್ತಿರಬಹುದು. ಇದು ಒಂದೇ ಖಾತೆ ಸಂಖ್ಯೆಯನ್ನು ಇಬ್ಬರು ಗಿರಾಕಿಗಳಿಗೆ ಕೊಟ್ಟಂತೆ. ರೂಟರ್ ತಾನಾಗಿ ಹಂಚುವ ವಿಳಾಸಗಳ ಸರಣಿಯ ಹೊರಗೆ ಪ್ರತಿ ಕ್ಯಾಮೆರಾಕ್ಕೂ ಒಂದು ಕಾಯಂ ವಿಳಾಸ ಕೊಟ್ಟು, ಆ ಪಟ್ಟಿಯನ್ನು ಬರೆದಿಟ್ಟರೆ ಈ ತಕರಾರು ತೀರುತ್ತದೆ.

ಇನ್ನೆರಡು ಮಾತು. ನೆಟ್‌ವರ್ಕ್ ಕೇಬಲ್ಲಿಗೆ 100 ಮೀಟರಿನ ಮಿತಿ ಇದೆ. ಅದನ್ನು ಮೀರಿ ಎಳೆದು "ನಡೆಯುತ್ತಲ್ಲ" ಎಂದು ಬಿಟ್ಟರೆ ಇಂದು ನಡೆದದ್ದು ನಾಳೆ ನಿಲ್ಲುತ್ತದೆ. ವೈ-ಫೈ ಕ್ಯಾಮೆರಾಗಳು ಚಿಕ್ಕ ಅಂಗಡಿಗೆ ಸಾಕು. ಕಲ್ಲಿನ ಗೋಡೆ, ತಗಡಿನ ಶೆಡ್ಡು, ಕಬ್ಬಿಣದ ರೋಲಿಂಗ್ ಷಟರು ಇರುವ ಗೋದಾಮಿಗೆ ಅವು ಯೋಗ್ಯವಲ್ಲ.

ಅಗ್ಗದ ಖರೀದಿಯ ನಿಜವಾದ ಬೆಲೆ

"ಆಡಿಟರೇ, ಇದಕ್ಕೆಲ್ಲ ಇನ್ನಷ್ಟು ಖರ್ಚು ಯಾಕೆ?" ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕ್ಯಾಮೆರಾ ಕೊಳ್ಳುವಾಗ ಚೌಕಾಸಿ ನಡೆಯುವುದು ಕ್ಯಾಮೆರಾಗಳ ಸಂಖ್ಯೆಯ ಮೇಲೆಯೇ. ಎಂಟು ಕ್ಯಾಮೆರಾ ಎಷ್ಟಕ್ಕೆ ಎಂದು ಕೇಳುತ್ತೇವೆಯೇ ಹೊರತು ಯಾವ ಕೇಬಲ್, ಯಾವ ಸ್ವಿಚ್, ಎಷ್ಟು ದಿನದ ಸಂಗ್ರಹ ಎಂದು ಕೇಳುವುದಿಲ್ಲ. ಒಪ್ಪಿಕೊಂಡ ಬೆಲೆಯಲ್ಲಿ ಲಾಭ ಉಳಿಸಿಕೊಳ್ಳಲು ಅಳವಡಿಸುವವನು ಕಣ್ಣಿಗೆ ಕಾಣದ ಜಾಗದಲ್ಲಿಯೇ ಕಡಿತ ಮಾಡುತ್ತಾನೆ. ತಪ್ಪು ಅವನೊಬ್ಬನದಲ್ಲ.

ಸಂಗ್ರಹದ ಲೆಕ್ಕವನ್ನೇ ನೋಡೋಣ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ನಿರಂತರ ಮುದ್ರಿಸಿದರೆ ದಿನಕ್ಕೆ 21.6 ಗಿಗಾಬೈಟ್. ಎಂಟು ಕ್ಯಾಮೆರಾಗಳಿಗೆ ದಿನಕ್ಕೆ 172.8. ಮೂವತ್ತು ದಿನಕ್ಕೆ 5,184 ಗಿಗಾಬೈಟ್, ಅಂದರೆ ಐದು ಟೆರಾಬೈಟಿಗಿಂತ ಹೆಚ್ಚು. ಒಂದು ಟೆರಾಬೈಟ್ ಡಿಸ್ಕ್ ಹಾಕಿಸಿಕೊಂಡವರಿಗೆ ಆರು ದಿನ ತುಂಬುವ ಮೊದಲೇ ಹಳೆಯದು ಅಳಿಸಿಹೋಗುತ್ತದೆ. ದಾಸ್ತಾನಿನ ವ್ಯತ್ಯಾಸ ಗೊತ್ತಾಗುವುದು ತಿಂಗಳ ಕೊನೆಯಲ್ಲಿ!

ಬಿಲ್ಲಿಲ್ಲದೆ ಕೊಂಡರೆ ಜಿ.ಎಸ್.ಟಿ. ಉಳಿಯಿತೆಂದು ಭಾವಿಸುವವರಿಗೂ ಒಂದು ಮಾತು. ನೋಂದಾಯಿತ ವರ್ತಕರು ವ್ಯವಹಾರಕ್ಕೆಂದು ಕೊಂಡ ಸಾಧನದ ಮೇಲಿನ ತೆರಿಗೆಯನ್ನು, ನಿಯಮಗಳಿಗೆ ಒಳಪಟ್ಟು, ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಬಿಲ್ಲಿಲ್ಲದಿದ್ದರೆ ಕ್ರೆಡಿಟ್ಟೂ ಇಲ್ಲ, ಸವಕಳಿಯೂ ಇಲ್ಲ, ವಾರಂಟಿ ಕೇಳುವ ಬಾಯಿಯೂ ಇಲ್ಲ.

ಕಾನೂನಿನ ದೃಷ್ಟಿ

ಕರ್ನಾಟಕ ಸರ್ಕಾರವು 2017ರಲ್ಲಿ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕುರಿತು ಕಾಯ್ದೆಯನ್ನು ರೂಪಿಸಿತು. ಒಮ್ಮೆಗೆ ನೂರು ಅಥವಾ ದಿನಕ್ಕೆ ಐನೂರು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ ಮೂವತ್ತು ದಿನಗಳ ದೃಶ್ಯ ಸಂಗ್ರಹಿಸಿಡಬೇಕೆಂಬುದು ಅದರ ಮುಖ್ಯಾಂಶ. ತಮ್ಮ ಸಂಸ್ಥೆಗೆ ಇದು ಅನ್ವಯಿಸುತ್ತದೆಯೇ ಎಂಬುದನ್ನು ಸದಸ್ಯರು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಒಳಿತು.

ಇದಕ್ಕಿಂತಲೂ ಮುಖ್ಯವಾದದ್ದು ಸಾಕ್ಷ್ಯದ ಪ್ರಶ್ನೆ. ಮೂಲ ಸಾಧನವನ್ನೇ ಹಾಜರುಪಡಿಸದೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಕೊಡುವಾಗ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿಯೂ ಪ್ರಮಾಣಪತ್ರದ ಅಗತ್ಯವಿದೆ. ಸಂಬಂಧಪಟ್ಟ ಅವಧಿಯಲ್ಲಿ ಸಾಧನವು ಸರಿಯಾಗಿ ಕೆಲಸ ಮಾಡುತ್ತಿತ್ತು, ಇಲ್ಲವೇ ಕೆಲಸ ಮಾಡದಿದ್ದ ಹೊತ್ತು ದಾಖಲೆಯ ನಿಖರತೆಗೆ ಬಾಧಕವಾಗಿಲ್ಲ ಎಂಬುದು ಅಲ್ಲಿನ ಷರತ್ತುಗಳಲ್ಲೊಂದು. ದಿನಕ್ಕೆ ಹತ್ತು ಸಲ ಸಂಪರ್ಕ ಕಳೆದುಕೊಳ್ಳುವ ಕ್ಯಾಮೆರಾದ ಮಾಲೀಕರು ಯಾವ ಧೈರ್ಯದಿಂದ ಆ ಕಾಗದಕ್ಕೆ ಸಹಿ ಹಾಕಿಯಾರು? ಗಡಿಯಾರದ ಸಮಯ ತಪ್ಪಿದ್ದರೂ ಇದೇ ಗತಿ. ವೇಬ್ರಿಜ್ ಚೀಟಿಯ ಸಮಯಕ್ಕೂ ಕ್ಯಾಮೆರಾದ ಸಮಯಕ್ಕೂ ಅರ್ಧ ಗಂಟೆಯ ಅಂತರವಿದ್ದರೆ ಎರಡೂ ದಾಖಲೆಗಳು ಒಂದನ್ನೊಂದು ಸುಳ್ಳಾಗಿಸುತ್ತವೆ.

ಗುಪ್ತಪದದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕೈವಶಪಡಿಸಿಕೊಂಡು ದೊಡ್ಡ ಜಾಲತಾಣಗಳನ್ನೇ ಸ್ತಬ್ಧಗೊಳಿಸಿತ್ತು. ಕೇಂದ್ರ ಸರ್ಕಾರವು 2025ರ ಏಪ್ರಿಲ್ 9ರಿಂದ ಸಿ.ಸಿ. ಟಿ.ವಿ. ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿರುವುದು ಇಂತಹ ಅಪಾಯಗಳ ಹಿನ್ನೆಲೆಯಲ್ಲಿಯೇ. ನಮ್ಮಲ್ಲಾದರೋ ಪಾಸ್‌ವರ್ಡ್ ಮಾಲೀಕರಿಗೇ ಗೊತ್ತಿರುವುದಿಲ್ಲ. ಅಳವಡಿಸಿದ ಹುಡುಗನಿಗೆ ಮಾತ್ರ ಗೊತ್ತು. ತಿಜೋರಿಯ ಬೀಗದ ಕೈಯನ್ನು ಬೀಗ ಮಾರಿದವನಲ್ಲಿಯೇ ಬಿಟ್ಟು ಬರುತ್ತೇವೆಯೇ?

ಏನು ಮಾಡಬೇಕು?

ನನ್ನ ಸಲಹೆಗಳು ಸರಳವಾದವು. ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆದೊಡನೆ ಒಬ್ಬ ನಿಗದಿತ ನೌಕರನು ಪ್ರತಿ ಕ್ಯಾಮೆರಾದ ಹಿಂದಿನ ರಾತ್ರಿಯ ಎರಡು ಸಮಯಗಳ ದೃಶ್ಯ ತೆರೆದು ನೋಡಿ ವಹಿಯಲ್ಲಿ ಗುರುತು ಹಾಕಬೇಕು. ಎಂಟು ಕ್ಯಾಮೆರಾಗಳಿಗೆ ಹತ್ತು ನಿಮಿಷ ಸಾಕು. ಯಾರೇ ದೋಷ ಹೇಳಿದರೂ, ಹಮಾಲಿಯಾಗಲಿ ಕಾವಲುಗಾರನಾಗಲಿ, ಅದನ್ನು ದಿನಾಂಕ ಸಹಿತ ಅದೇ ವಹಿಯಲ್ಲಿ ಬರೆಯಬೇಕು. ವಾರಕ್ಕೊಮ್ಮೆ ಮಾಲೀಕರು ಅದಕ್ಕೆ ಸಹಿ ಹಾಕಬೇಕು. ಗೇಟು, ತೂಕದ ಕಟ್ಟೆ, ಗಲ್ಲಾ ಈ ಮೂರು ಕಡೆ ಮೆಮೊರಿ ಕಾರ್ಡ್ ಹಾಕಬಹುದಾದ ಕ್ಯಾಮೆರಾಗಳನ್ನೇ ಬಳಸಬೇಕು. ಸಂಪರ್ಕ ಹೋದರೂ ವಿದ್ಯುತ್ತಿದ್ದರೆ ಕಾರ್ಡಿನಲ್ಲಿ ಮುದ್ರಣ ಉಳಿಯುತ್ತದೆ. ಕೊಳ್ಳುವಾಗ ಕೇಬಲ್ಲಿನ ಬಗೆ, ಸಂಗ್ರಹದ ದಿನಗಳು, ವಿಳಾಸಗಳ ಪಟ್ಟಿ, ಪಾಸ್‌ವರ್ಡ್ ಹಸ್ತಾಂತರ, ವಾರ್ಷಿಕ ನಿರ್ವಹಣೆ ಇವನ್ನು ಬರಹದಲ್ಲಿ ಪಡೆಯಬೇಕು.

ನಮ್ಮ ವಾಣಿಜ್ಯ ಸಂಸ್ಥೆಗೂ ಇಲ್ಲಿ ಪಾತ್ರವಿದೆ. ಒಂದು ಮಾದರಿ ಕರಾರುಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ನಾಲ್ಕೂ ತಾಲ್ಲೂಕುಗಳ ಸದಸ್ಯರು ಒಟ್ಟಾಗಿ ಒಬ್ಬ ಅರ್ಹ ತಂತ್ರಜ್ಞರನ್ನು ವಾರ್ಷಿಕ ಶುಲ್ಕದ ಮೇಲೆ ಗೊತ್ತುಮಾಡಿಕೊಂಡರೆ ತಲಾ ಖರ್ಚು ಅಲ್ಪವಾಗುತ್ತದೆ. ಪಾವಗಡದ ವರ್ತಕರು ಸಣ್ಣ ರಿಪೇರಿಗೂ ತುಮಕೂರಿನಿಂದ ಜನ ಬರುವುದನ್ನು ಕಾಯುವುದು ತಪ್ಪುತ್ತದೆ. ಅಳವಡಿಸುವ ಸ್ಥಳೀಯ ಯುವಕರಿಗೆ ಒಂದು ದಿನದ ತರಬೇತಿ ಏರ್ಪಡಿಸಿದರೆ ಅವರ ಕಸುಬಿಗೂ ಗೌರವ ಬರುತ್ತದೆ.

ಕ್ಯಾಮೆರಾ ಹಾಕಿದ ಮೇಲೆ ಮನುಷ್ಯರ ಮಾತಿಗೆ ಬೆಲೆ ಕಡಿಮೆಯಾಗಿರುವುದು ನಮ್ಮ ಕಾಲದ ಒಂದು ವಾಸ್ತವ. ಹಾಗಿದ್ದ ಮೇಲೆ ಆ ಕ್ಯಾಮೆರಾ ನಂಬಿಕೆಗೆ ಅರ್ಹವಾಗಿರುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ. ಈ ಲೇಖನ ಓದಿದ ಸದಸ್ಯರು ಇಂದು ರಾತ್ರಿ ಎಂಟು ಗಂಟೆಗೆ ತಮ್ಮ ಗೇಟಿನ ಕ್ಯಾಮೆರಾದ ಚಿತ್ರವನ್ನು ಒಮ್ಮೆ ತೆರೆದು ನೋಡಲಿ, ನಾಳೆ ಬೆಳಿಗ್ಗೆ ಆ ರಾತ್ರಿಯ ಮುದ್ರಣವನ್ನು ಮತ್ತೊಮ್ಮೆ ನೋಡಲಿ ಎಂಬುದೇ ನನ್ನ ವಿನಮ್ರ ಮನವಿ. ಚಿತ್ರ ಕಾಣದಿದ್ದರೆ ಯಾರನ್ನೂ ದೂರುವ ಮುನ್ನ ಒಂದು ವೋಲ್ಟ್‌ಮೀಟರ್ ಹಿಡಿದು ಗೇಟಿನವರೆಗೆ ನಡೆಯಿರಿ.